ಬಿಲ್ಲಿನ ಮಾತಿಲ್ಲದ ವಾರ್ಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸೇನೆಯ ವೈದ್ಯೆಯಾಗಿ ಲಡಾಖ್‌ನ ಲೇಹ್‌ನಲ್ಲಿದ್ದಾಗ ಒಂದು ರಾತ್ರಿ ಇಪ್ಪತ್ತೆರಡರ ಸೈನಿಕ ಹುಡುಗನೊಬ್ಬನನ್ನು ಸ್ಟ್ರೆಚರ್‌ನಲ್ಲಿ ಹೊತ್ತು ತಂದರು. ಮೇಲಿನ ಪೋಸ್ಟಿನಿಂದ ಇಳಿಸಿದ್ದರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಕೆಮ್ಮಿದರೆ ಗುಲಾಬಿ ನೊರೆ. ಎತ್ತರದ ಜಾಗದಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವ ಕಾಯಿಲೆ ಅದು. ಸೇನೆಯಲ್ಲಿ ಹ್ಯಾಪೊ ಅನ್ನುತ್ತೇವೆ. ಆಮ್ಲಜನಕ ಕೊಟ್ಟು ರಾತ್ರಿಯೆಲ್ಲ ಪಕ್ಕದಲ್ಲೇ ಕೂತೆವು. ಮೂರನೇ ದಿನ ಎದ್ದು ಕೂತು ಚಹಾ ಕೇಳಿದ.

ಅಷ್ಟು ದಿನದಲ್ಲಿ ದುಡ್ಡಿನ ಮಾತೇ ಬರಲಿಲ್ಲ. ಸೇನೆಯ ವೈದ್ಯಳಾಗಿ ನನಗೆ ಸಿಕ್ಕ ದೊಡ್ಡ ಭಾಗ್ಯ ಇದೇ. ಹೊರಗೆ ಪ್ರಾಕ್ಟೀಸ್ ಮಾಡುವ ಗೆಳೆಯರು ಸ್ಕ್ಯಾನ್ ಬರೆಯುವ ಮುಂಚೆ ರೋಗಿಯ ಮುಖ ನೋಡುತ್ತಾರೆ. ಬರೆದರೆ ಆ ಮನೆಗೆ ಸಾಲ, ಬರೆಯದಿದ್ದರೆ ಜೀವದ ಭಯ. ಆ ಸಂಕಟ ಅವರ ತಪ್ಪಲ್ಲ. ನನಗೆ ಮಾತ್ರ ಅದು ಬರಲಿಲ್ಲ.

ಇನ್ನೊಂದಿದೆ. ಇಲ್ಲಿ ಕಾಯಿಲೆ ಬರುವ ಮೊದಲೇ ತಡೆಯಬಹುದು. 9,000 ಅಡಿ ದಾಟಿದ ಸೈನಿಕ 6 ದಿನ ಆ ಗಾಳಿಗೆ ಒಗ್ಗಿಕೊಳ್ಳಬೇಕು. 12,000 ದಾಟಿದರೆ ಮತ್ತೆ 4 ದಿನ, 15,000 ದಾಟಿದರೆ ಇನ್ನೂ 4 ದಿನ. ಹೊರಗೆ ವೈದ್ಯರು ಹೇಳಿದ ವಿಶ್ರಾಂತಿ ಬರೀ ಸಲಹೆ. ಇಲ್ಲಿ ಅದು ನಿಯಮ. ಇದರ ಹಿಂದೆ ಸೇನೆಯ ವೈದ್ಯರದೇ ದುಡಿಮೆ ಇದೆ. 1962ರ ಯುದ್ಧದ ಕಾಲದಲ್ಲಿ ಬಯಲಿನ ಹುಡುಗರನ್ನು ಅವಸರದಲ್ಲಿ ಬೆಟ್ಟಕ್ಕೆ ಏರಿಸಬೇಕಾಯಿತು. ಆಗ ಕಾಯಿಲೆ ಬಿದ್ದ 1,925 ಸೈನಿಕರನ್ನು ಇಂದರ್ ಸಿಂಗ್ ಮತ್ತು ಜೊತೆಗಾರರು ನೋಡಿ, ದಾಖಲಿಸಿ, 1969ರಲ್ಲಿ ಪ್ರಕಟಿಸಿದರು. ಪರ್ವತದ ಕಾಯಿಲೆ ಬಗ್ಗೆ ಓದುವವರು ಇವತ್ತಿಗೂ ಅದನ್ನು ತೆಗೆದು ನೋಡುತ್ತಾರೆ.

ರೋಗಿಯ ಕಾಗದಪತ್ರವೂ ಅವನ ಜೊತೆಗೇ ಊರೂರು ತಿರುಗುತ್ತದೆ. ರಾಜಸ್ಥಾನದಲ್ಲಿ ಬರೆದದ್ದನ್ನು ಅಸ್ಸಾಮಿನ ವೈದ್ಯ ಓದುತ್ತಾನೆ. ಮೊದಲಿಂದ ಕಥೆ ಕೇಳಬೇಕಾಗಿಲ್ಲ. ಇದೆಷ್ಟು ಅನುಕೂಲ ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತು, ಅಲ್ವಾ?

ಓದಿಗೂ ದಾರಿ ಇದೆ. ಧಾರವಾಡದಲ್ಲಿ ಹುಟ್ಟಿದ ಮಾಧುರಿ ಕಾನಿಟ್ಕರ್ ಮಕ್ಕಳ ಕಿಡ್ನಿ ಕಾಯಿಲೆಯ ತಜ್ಞೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಅಲ್ಲೇ ಡೀನ್ ಆದರು. 2020ರಲ್ಲಿ ಲೆಫ್ಟಿನೆಂಟ್ ಜನರಲ್ ಆದರು.

ಕಷ್ಟವನ್ನೂ ಹೇಳಿಬಿಡುತ್ತೇನೆ. ವರ್ಗಾವಣೆ ಜಾಸ್ತಿ. ನನ್ನ ಮಗಳು ಐದು ಶಾಲೆ ಬದಲಾಯಿಸಿದಳು. ಅಪ್ಪ ಹೋದಾಗ ನಾನು ಊರು ತಲುಪಿದ್ದು ಮೂರನೇ ದಿನ. ಆ ನೋವು ಇನ್ನೂ ಹೋಗಿಲ್ಲ.

ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿರುವ ಮಕ್ಕಳೇ, ಇಡೀ ಜೀವನ ಇಲ್ಲೇ ಕಳೆಯಬೇಕು ಅಂತೇನಿಲ್ಲ. ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಕೆಲವು ವರ್ಷಗಳ ಮಟ್ಟಿಗೆ ಸೇನೆಯ ಅಧಿಕಾರಿಯಾಗುವ ದಾರಿ ಇದೆ. ಅದರಲ್ಲಿ ಮೊದಲ ಅವಧಿ 5 ವರ್ಷ. ಕ್ಯಾಪ್ಟನ್ ಆಗಿಯೇ ಸೇರುತ್ತೀರಿ. ಇಷ್ಟವಾದರೆ ಮುಂದುವರಿಯಬಹುದು. ಈ ಮಾತನ್ನು ಮನೆಯಲ್ಲಿ ಅಪ್ಪ ಅಮ್ಮನ ಮುಂದೆ ಒಮ್ಮೆ ಎತ್ತಿ ನೋಡಿ.

ನಮಸ್ಕಾರ.