ಉರುಳುವ ಬಂಡೆಗೆ ಉಕ್ಕಿನ ಬಲೆ

[ದೃಶ್ಯ: ಚಾಮುಂಡಿ ಬೆಟ್ಟದ ರಸ್ತೆ, ಮೇಲಿನ ಇಳಿಜಾರಿನಲ್ಲಿ ಗುಂಡುಬಂಡೆಗಳು]

ನಿರೂಪಣೆ: ನಮಸ್ಕಾರ. ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಶಿಲೆಯ ಸೀಳುಗಳಲ್ಲಿ ಮಳೆನೀರು ಇಳಿದು, ಬೇರು ಹೊಕ್ಕು, ಸುತ್ತಲಿನ ಭಾಗವೆಲ್ಲ ಮಣ್ಣಾಗಿ ಕೊಚ್ಚಿಹೋದ ಮೇಲೆ ಗಟ್ಟಿ ಗುಂಡುಗಳು ಮಾತ್ರ ಬಿಡಿಬಿಡಿಯಾಗಿ ಉಳಿಯುತ್ತವೆ. ಇಂಥ ಬಂಡೆಗಳು ಜಾರಿದಾಗ ಕೆಳಗಿನ ರಸ್ತೆಯನ್ನು ಕಾಯಲು ಹಾಕುವ ಉಕ್ಕಿನ ಬಲೆಯ ಬೇಲಿಯೇ ಕ್ಯಾಚ್ ಫೆನ್ಸ್.

ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅದು 20 ಮೀಟರ್ ಎತ್ತರದಿಂದ ನೇರವಾಗಿ ಬಿದ್ದರೆ ವೇಗ ಗಂಟೆಗೆ 70 ಕಿಲೋಮೀಟರ್ ದಾಟುತ್ತದೆ, ಹೊಡೆತದ ಶಕ್ತಿ ಸುಮಾರು 530 ಕಿಲೋಜೂಲ್ ಆಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಬಗ್ಗದ ಗೋಡೆ ಇದನ್ನು ಕ್ಷಣಾರ್ಧದಲ್ಲಿ ತಡೆಯಬೇಕಾಗುವುದರಿಂದ ಒಡೆಯುತ್ತದೆ. ಬಲೆಯಾದರೋ, ಮೇಲಕ್ಕೆ ಎಸೆದ ಇಟ್ಟಿಗೆಯನ್ನು ಹಿಡಿಯುವ ಗಾರೆ ಕೆಲಸದವರು ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುವಂತೆ, ಹಿಂದೆ ಸರಿಯುತ್ತಲೇ ತಡೆಯುತ್ತದೆ.

[ದೃಶ್ಯ: ಬ್ರೇಕ್ ಉಂಗುರದ ಸಮೀಪನೋಟ]

ನಿರೂಪಣೆ: ನಮ್ಮ ಲೆಕ್ಕದಲ್ಲಿ ಇಡೀ ಬೇಲಿಯ ಜಾಣತನವಿರುವುದು ಈ ಸಣ್ಣ ಭಾಗದಲ್ಲಿ. ಬಲೆಯನ್ನು ಹಿಡಿದ ಉಕ್ಕಿನ ಹಗ್ಗ, ದುಂಡಗೆ ಬಾಗಿಸಿದ ಕೊಳವೆಯೊಂದರ ಒಳಗಿನಿಂದ ಹಾದುಹೋಗುತ್ತದೆ. ಹೊಡೆತಕ್ಕೆ ಹಗ್ಗ ಬಿಗಿದಾಗ ಆ ಉಂಗುರ ಕಿರಿದಾಗುತ್ತಾ, ಹಗ್ಗವನ್ನು ಬಿಗಿತದೊಂದಿಗೇ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ; ಬಂಡೆಯ ಶಕ್ತಿ ಘರ್ಷಣೆಯಲ್ಲಿ ಮತ್ತು ಉಕ್ಕು ಬಾಗುವುದರಲ್ಲಿ ವ್ಯಯವಾಗುತ್ತದೆ. ಹೀಗೆ ಬಲೆ ಹಲವು ಮೀಟರ್ ಮುಂದಕ್ಕೆ ಉಬ್ಬುವುದರಿಂದ, ಬೇಲಿಯನ್ನು ಡಾಂಬರಿನ ಅಂಚಿಗೇ ನಿಲ್ಲಿಸಿದರೆ ಹಿಡಿದ ಬಂಡೆಯೇ ವಾಹನಕ್ಕೆ ಬಡಿಯಬಹುದು.

ಎಲ್ಲಿ, ಎಷ್ಟು ಎತ್ತರ ಎಂಬುದನ್ನು ಇಳಿಜಾರು ನಿರ್ಧರಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರ್ಥರ್ ರಿಚಿ ಕಲ್ಲುಗಳನ್ನು ಉರುಳಿಸಿ, ಚಿತ್ರೀಕರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡಿದಾದ ಗೋಡೆಯಲ್ಲಿ ಕಲ್ಲು ನೇರ ಬೀಳುತ್ತದೆ, ಮಧ್ಯಮ ಇಳಿಜಾರಿನಲ್ಲಿ ಪುಟಿಯುತ್ತದೆ, ಅದಕ್ಕಿಂತ ಕಡಿಮೆಯಾದಲ್ಲಿ ಉರುಳುತ್ತದೆ. ಪುಟಿಯುವ ಕಲ್ಲು ಗಿಡ್ಡ ಬೇಲಿಯನ್ನು ಹಾರಿಯೇ ಹೋಗುತ್ತದೆ.

[ದೃಶ್ಯ: ಕುಸಿದ ಘಾಟಿ ರಸ್ತೆ]

ನಿರೂಪಣೆ: 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ದಾರಿಯಲ್ಲಿ ಆದಂತೆ ನೆನೆದ ಗುಡ್ಡವೇ ಜಾರಿದರೆ, ಅಥವಾ 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆಯಲ್ಲಿ ಆದಂತೆ ರಸ್ತೆಯ ಅಂಚೇ ಕುಸಿದರೆ, ಈ ಬೇಲಿಯಿಂದ ಪ್ರಯೋಜನವಿಲ್ಲ, ಅಲ್ಲಿ ನೀರು ಬಸಿಯುವ ವ್ಯವಸ್ಥೆ ಮತ್ತು ತಡೆಗೋಡೆಗಳೇ ಬೇಕು.

ಬೇಲಿ ಹಾಕಿದ ಕಡೆಯೂ ಒಮ್ಮೆ ಬಿಗಿದ ಬ್ರೇಕ್ ಉಂಗುರ ಮತ್ತೆ ಕೆಲಸಕ್ಕೆ ಬಾರದು, ಬಲೆಯ ಹಿಂದೆ ಸೇರಿದ ಕಲ್ಲುಮಣ್ಣು ಅದರ ಎತ್ತರವನ್ನೇ ನುಂಗುತ್ತದೆ. ಆದ್ದರಿಂದ ಉಂಗುರ ಬದಲಿಸುವ, ಕಲ್ಲು ತೆಗೆಯುವ ಖರ್ಚನ್ನೂ, ಕೆಲಸದವರು ಬೇಲಿಯ ಹಿಂಬದಿಗೆ ತಲುಪುವ ದಾರಿಯನ್ನೂ ಮೊದಲ ಟೆಂಡರಿನಲ್ಲೇ ಸೇರಿಸಬೇಕು.