ಯೋಜನೆ ಮಕ್ಕಳೇ ಮಾಡಲಿ: ನೀರು, ಎಣ್ಣೆ, ಜೋನಿಬೆಲ್ಲದ ಓಟ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುವವರೇ ಜಾಸ್ತಿ ಇದ್ದೀರಿ, ಹಾಗಾಗಿ ನೇರವಾಗಿ ತರಗತಿಗೇ ಹೋಗೋಣ.

ದ್ರವಗಳ ಪಾಠ ಬಂದಾಗ ಮೊದಲೆಲ್ಲ ನಾನು ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ ಅಂತ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದೆ. ಮಕ್ಕಳು ಅದನ್ನೇ ಬರೆದುಕೊಂಡು ಹಾಗೇ ಮಾಡುತ್ತಿದ್ದರು. ಪ್ರಯೋಗ ಸರಿಯಾಗಿಯೇ ಬರುತ್ತಿತ್ತು. ಆದರೆ ಯೋಚನೆ ಮಾಡುವ ಕೆಲಸವನ್ನೆಲ್ಲ ನಾನೇ ಮುಗಿಸಿರುತ್ತಿದ್ದೆ.

ಈಗ ಮೇಜಿನ ಮೇಲೆ ನೀರು, ಕೊಬ್ಬರಿ ಎಣ್ಣೆ, ಜೋನಿಬೆಲ್ಲ, ಚಮಚ, ಲೋಟ, ಸ್ಟೀಲ್ ತಟ್ಟೆಗಳನ್ನು ಇಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ. ಓರೆ ಮಾಡಿದ ತಟ್ಟೆಯಲ್ಲಿ ಯಾವುದು ಬೇಗ ಹರಿಯುತ್ತೆ, ಅದನ್ನ ಹೇಗೆ ಕಂಡುಹಿಡೀತೀರಿ? ಊಹೆಯನ್ನು ಮೊದಲೇ ಬರೆದಿಡಬೇಕು, ಅಷ್ಟೇ. ಆಮೇಲೆ ನಾನು ಬಾಯಿ ಬಿಡುವುದಿಲ್ಲ. ನಿಜ ಹೇಳ್ತೀನಿ, ನಮಗೆ ಕಷ್ಟ ಆಗೋದು ಇದೇ.

ಒಂದು ಸಲ ಒಂದು ಗುಂಪು ಲೋಟದ ತುಂಬ ನೀರು ಸುರಿಯಿತು, ಬೆಲ್ಲ ಮಾತ್ರ ಒಂದೇ ಚಮಚ, ಸಾಲದ್ದಕ್ಕೆ ನೀರಿನ ತಟ್ಟೆಯ ಕೆಳಗೆ ಎರಡು ಪುಸ್ತಕ, ಬೆಲ್ಲದ ತಟ್ಟೆಯ ಕೆಳಗೆ ಒಂದು. ನಾನು ತಿದ್ದಲಿಲ್ಲ. ಓಟದ ಪಂದ್ಯದಲ್ಲಿ ಒಬ್ಬನನ್ನ ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದ್ರೆ ಏನಂತೀರಿ ಅಂತ ಕೇಳಿದೆ. "ಮೋಸ ಟೀಚರ್!" ಅಂತ ಕೂಗಿದರು. ಆಮೇಲೆ ತಮ್ಮ ತಟ್ಟೆಗಳ ಕಡೆ ನೋಡಿದ ಒಬ್ಬ ಹುಡುಗಿ "ನಮ್ಮದೂ ಮೋಸಾನೇ" ಅಂದಳು. ಅಲ್ಲಿಂದ ನಿಯಮಗಳೆಲ್ಲ ಅವರದ್ದೇ. ಒಂದೇ ಅಳತೆಯ ಚಮಚ, ಒಂದೇ ಇಳಿಜಾರು, ಒಂದೇ ಗೆರೆಯಿಂದ ಶುರು, ಪ್ರತಿಯೊಂದೂ ಮೂರು ಸಲ. ಎಣ್ಣೆ ಹರಿದ ತಟ್ಟೆಯಲ್ಲೇ ನೀರು ಬಿಟ್ಟಾಗ ಅದು ಹನಿಹನಿಯಾಗಿ ಒಡೆಯಿತು. ತಟ್ಟೆಯನ್ನು ಸೋಪಿನಲ್ಲಿ ತೊಳೀಬೇಕು ಅನ್ನೋದು ಆಗ ಸೇರಿಕೊಂಡಿತು, ಯಾರೂ ಹೇಳಿಕೊಡದೆ. ಸ್ನಿಗ್ಧತೆ, ಅಂದರೆ ದ್ರವ ಎಷ್ಟು ಮಂದವಾಗಿ ಹರಿಯುತ್ತೆ ಅನ್ನುವ ಗುಣ, ಆ ಪದ ಆಮೇಲೆ ಬಂದರೆ ಸಾಕು, ಅವಸರ ಇಲ್ಲ.

ಒಂದು ಗೊಂದಲ ಬಂದೇ ಬರುತ್ತೆ. ಎಣ್ಣೆ ನೀರಿಗಿಂತ ಮಂದ, ಹಾಗಾದ್ರೆ ಭಾರಾನೂ ಇರಬೇಕು ಅಲ್ವಾ ಅಂತಾರೆ ಮಕ್ಕಳು. ಇಲ್ಲ ಅಂತ ಬಾಯಲ್ಲಿ ಹೇಳಬೇಡಿ, ಲೋಟದ ನೀರಿಗೆ ಎಣ್ಣೆ ಹಾಕಿಸಿ. ತೇಲುತ್ತೆ. ಒಂದು ಲೀಟರ್ ನೀರು ಸುಮಾರು 1,000 ಗ್ರಾಂ ತೂಗಿದರೆ ಕೊಬ್ಬರಿ ಎಣ್ಣೆ 920ರ ಆಸುಪಾಸು.

ಚಳಿಗಾಲದ ಬೆಳಿಗ್ಗೆ ಈ ಪಾಠ ಇಟ್ಟುಕೊಂಡರೆ ಎಣ್ಣೆ ಹೆಪ್ಪುಗಟ್ಟಿರಬಹುದು, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ. ನಮ್ಮಲ್ಲೂ ಹಾಗೇ ಆಯಿತು. ಪಾಠ ಕೆಟ್ಟಿತು ಅಂದುಕೊಂಡೆ, ಆದರೆ ಒಬ್ಬ ಹುಡುಗ ಬಾಟಲಿಯನ್ನು ಬಿಸಿಲಿಗಿಟ್ಟು ಬಂದು, ಬೆಲ್ಲಾನೂ ಬಿಸಿಲಿಗಿಟ್ರೆ ಬೇಗ ಓಡುತ್ತಾ ಟೀಚರ್ ಅಂತ ಕೇಳಿದ. ಹೇಗೆ ನೋಡ್ತೀಯ, ಬರಿ ಅಂದೆ. ಅವನು ಬರೆದದ್ದು ಇಷ್ಟು: "ಬೆಲ್ಲ ಒಂದೇ. ಚಮಚ ಒಂದೇ. ತಟ್ಟೆ ಒಂದೇ. ಒಂದು ಬಟ್ಟಲು ಬಿಸಿಲಲ್ಲಿ, ಒಂದು ನೆರಳಲ್ಲಿ."