ಭಾನುವಾರದ ತಟ್ಟೆಗೆ ಬಟರ್‌ನಟ್ ರೋಸ್ಟ್ | ಜೋಹಾನ್ಸ್‌ಬರ್ಗ್ ಅಡುಗೆಮನೆ

ನಮಸ್ಕಾರ ಎಲ್ಲರಿಗೂ! ಓವನ್ ಆಗಲೇ 200 ಡಿಗ್ರಿಗೆ ಬಿಸಿಯಾಗುತ್ತಿದೆ, ನೇರ ಕೆಲಸಕ್ಕೆ ಬರೋಣ. ದಕ್ಷಿಣ ಆಫ್ರಿಕಾದಲ್ಲಿ ಭಾನುವಾರದ ಊಟಕ್ಕೆ ‘ಸೆವೆನ್ ಕಲರ್ಸ್’ ಅಂತಾರೆ. ಅನ್ನ, ಕೋಳಿ, ಬೀಟ್‌ರೂಟ್, ಪಾಲಕ್, ಚಕಲಾಕ ಅನ್ನುವ ಖಾರದ ತರಕಾರಿ ಗೊಜ್ಜು, ಎಲ್ಲವೂ ಒಂದೇ ತಟ್ಟೆಯಲ್ಲಿ. ಅದರಲ್ಲಿ ಕಿತ್ತಳೆ ಬಣ್ಣ ಬಟರ್‌ನಟ್‌ದು. ನಮ್ಮ ಸಿಹಿಗುಂಬಳದ ಬಳಗದ್ದೇ ಇದು.

ಈ ಪ್ಯಾಕೆಟ್ ನೋಡಿ. ಹೆಚ್ಚಿಟ್ಟ ಬಟರ್‌ನಟ್, ನಮ್ಮನೆಯವರು ನಿನ್ನೆ ಸೂಪರ್ ಮಾರ್ಕೆಟ್‌ನಿಂದ ತಂದಿದ್ದು. ಮೇಲೆ ಕಾಣುವ ತುಂಡೆಲ್ಲ ಚೆಂದ. ಕೆಳಗೆ? ನೀರು ಬಿಟ್ಟು ಲೋಳೆ ಲೋಳೆ! ತಾರೀಖು ಇನ್ನೂ ಮುಗಿದಿಲ್ಲ. ಇದಕ್ಕೆ ಕೊಟ್ಟ ದುಡ್ಡಿಗೆ ಒಂದು ಇಡೀ ಕಾಯಿ ಬಂದು ಚಿಲ್ಲರೆಯೂ ಉಳಿಯುತ್ತಿತ್ತು. ನನಗೆ ನಿಜವಾಗಲೂ ಸಿಟ್ಟು ಬಂದಿದೆ. ಇಡೀ ಕಾಯಿಯನ್ನು ಫ್ರಿಜ್ ಇಲ್ಲದೆ ಸುಮ್ನೆ ಕಟ್ಟೆ ಮೇಲೆ ಇಟ್ಟರೂ ವಾರಗಟ್ಟಲೆ ಕೆಡುವುದಿಲ್ಲ. ಅಷ್ಟು ಗಟ್ಟಿ ಸಿಪ್ಪೆ ಅದಕ್ಕೆ. ಆ ಸಿಪ್ಪೆ ತೆಗೆದು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಇನ್ನೇನಾಗುತ್ತೆ? ದಯವಿಟ್ಟು ಇಡೀ ಕಾಯಿಯನ್ನೇ ತನ್ನಿ. ಕತ್ತು ಉದ್ದ ಇರುವುದನ್ನು ಆರಿಸಿ. ಬೀಜ ಇರುವುದು ಕೆಳಗಿನ ಬುರುಡೆಯಲ್ಲಿ ಮಾತ್ರ, ಕತ್ತು ಪೂರ್ತಿ ತಿರುಳು.

ಪುಣ್ಯಕ್ಕೆ ಮನೆಯಲ್ಲಿ ಒಂದು ಕಾಯಿ ಇತ್ತು. ಕತ್ತರಿಸಿದ ಜಾಗ ನೋಡಿ, ಸಣ್ಣ ಸಣ್ಣ ಹನಿ ಜಿನುಗುತ್ತಿದೆ. ಈ ರಸ ಬೆರಳಿಗೆ ಅಂಟಿ ಒಣಗಿದರೆ ಚರ್ಮ ಬಿಗಿದ ಹಾಗಾಗುತ್ತೆ, ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಳ್ಳಿ.

ಎಣ್ಣೆ, ಉಪ್ಪು, ಮೆಣಸಿನ ಪುಡಿ. ತಟ್ಟೆಯಲ್ಲಿ ಒಂದೇ ಪದರ. ಒತ್ತೊತ್ತಾಗಿ ತುಂಬಿದರೆ ರೋಸ್ಟ್ ಆಗಲ್ಲ, ಹಬೆಯಲ್ಲಿ ಬೆಂದು ಮೆತ್ತಗಾಗುತ್ತೆ. ಇಲ್ಲಿ ಎಷ್ಟೋ ಮನೆಗಳಲ್ಲಿ ದಾಲ್ಚಿನ್ನಿ, ಕಂದು ಸಕ್ಕರೆ ಉದುರಿಸುತ್ತಾರೆ. ದಾಲ್ಚಿನ್ನಿ ಓಕೆ, ಸಕ್ಕರೆ ಯಾಕೆ? ಕಾಯಿಯೇ ಸಿಹಿ ಅಲ್ವಾ!

ಬ್ರಾಯ್ ಇದ್ದ ದಿನ ಇದರ ದಾರಿಯೇ ಬೇರೆ. ಬ್ರಾಯ್ ಅಂದರೆ ಕೆಂಡದ ಮೇಲಿನ ಅಡುಗೆ. ಕಾಯಿಯನ್ನು ಎರಡು ಹೋಳು ಮಾಡಿ, ಗುಳಿಯಲ್ಲಿ ಪಾಲಕ್, ಫೆಟಾ ಚೀಸ್ ತುಂಬಿ, ಫಾಯಿಲ್ ಸುತ್ತಿ ಕೆಂಡಕ್ಕೆ. ಸೆಪ್ಟೆಂಬರ್ 24 ಹೆರಿಟೇಜ್ ಡೇ, ಜನ ಅದನ್ನು ಬ್ರಾಯ್ ಡೇ ಅಂತಲೂ ಕರೆಯುತ್ತಾರೆ. ಅವತ್ತು ಮಾಂಸ ತಿನ್ನದ ನನ್ನಂಥವರಿಗೆ ಈ ಬಟರ್‌ನಟ್, ಸುಟ್ಟ ಜೋಳ ಇವೇ ಆಸರೆ. ಅಯ್ಯೋ, ಟೈಮರ್ ಹೊಡೀತು!

ನಲವತ್ತು ನಿಮಿಷ. ಅಂಚೆಲ್ಲ ಕಂದು, ಚಮಚ ಒತ್ತಿದರೆ ಸಲೀಸಾಗಿ ಇಳಿಯುತ್ತೆ. ಚಕಲಾಕ ಪಕ್ಕ ಇಟ್ಟು ತಿಂತೀನಿ ಈಗ. ಅಬ್ಬಾ, ಚಕಲಾಕ ಖಾರ! ಈ ಖಾರದ ಜೊತೆ ಒಂದು ಚಿಟಿಕೆ ಸಕ್ಕರೆ ಇದ್ದರೂ ನಡೆಯುತ್ತಿತ್ತು, ಆ ಮಾತು ಒಪ್ಪಿದೆ. ಕೋಲ್‌ಸ್ಲಾ, ಅದೇ ಎಲೆಕೋಸಿನ ಸಲಾಡ್, ಎಲ್ಲಿಟ್ಟೆ? ಬಂದೆ, ಇರಿ.